ಅಡಿಕೆ ಡ್ರೈಯರ್ ಪ್ರಾಜೆಕ್ಟ್ ಹಿಡಿದು ವಿದೇಶದ ಲ್ಯಾಬಿಗೆ ಬೇಸಿಗೆ ಇಂಟರ್ನ್‌ಶಿಪ್‌ಗೆ ಹೋಗಬಹುದಾ?

ತೋಟದಮನೆ · ಆಗಸ್ಟ್ 9

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರದ ಹತ್ತಿರ. ಮೆಕ್ಯಾನಿಕಲ್ 5ನೇ ಸೆಮ್, ವಿಟಿಯು ಕೆಳಗೆ ಬರುವ ಒಂದು ಖಾಸಗಿ ಕಾಲೇಜು. ಸಿಜಿಪಿಎ 8.4 ಇದೆ. ಮುಂದಿನ ಬೇಸಿಗೆಯಲ್ಲಿ ಹೊರದೇಶದ ಯಾವುದಾದರೂ ಯುನಿವರ್ಸಿಟಿ ಲ್ಯಾಬಿನಲ್ಲಿ ರಿಸರ್ಚ್ ಇಂಟರ್ನ್‌ಶಿಪ್ ಮಾಡಬೇಕು ಅಂತ ತುಂಬಾ ಆಸೆ ಇದೆ.

ನನ್ನ ಹತ್ತಿರ ಪೇಪರ್ ಗೀಪರ್ ಏನೂ ಇಲ್ಲ. ಇರುವುದು ಒಂದು ಮಿನಿ ಪ್ರಾಜೆಕ್ಟ್. ಬೇಯಿಸಿದ ಅಡಿಕೆ ಒಣಗಿಸಲು ನಾಲ್ಕು ತಟ್ಟೆಯ ಸೋಲಾರ್ ಡ್ರೈಯರ್ ಮಾಡಿದ್ದೇವೆ. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಅಂಗಳದಲ್ಲಿ ಹರವಿದ ಅಡಿಕೆಗೆ ಬೂಷ್ಟು ಬರುತ್ತದೆ, ರೇಟು ಬಿದ್ದುಹೋಗುತ್ತದೆ. ಅದಕ್ಕೇ ಮಾಡಿದ್ದು. ಒಳಗೆ ಉಷ್ಣಾಂಶ ಮತ್ತು ತೇವಾಂಶದ ಸೆನ್ಸರ್ ಇಟ್ಟಿದ್ದೇವೆ. ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಯಾಕೆ, ಅದನ್ನು ಸರಿ ಮಾಡುವುದು ಹೇಗೆ ಅಂತ ಸರಿಯಾಗಿ ಕಲಿಯಬೇಕು.

ಕ್ಲಾಸಿನ ಗೆಳೆಯರೆಲ್ಲ ರ‍್ಯಾಂಕಿಂಗ್ ಪಟ್ಟಿಯ ಮೊದಲ ಐವತ್ತು ಯುನಿವರ್ಸಿಟಿಗಳ ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಕಳಿಸುತ್ತಿದ್ದಾರೆ. ಇನ್ನೊಂದು ಕಡೆ, ಒಂದು ಏಜೆನ್ಸಿಯವರು ಫೋನ್ ಮಾಡಿ 'ಇಂಟರ್‌ನ್ಯಾಷನಲ್ ರಿಸರ್ಚ್ ಇಂಟರ್ನ್‌ಶಿಪ್' ಕೊಡಿಸುತ್ತೇವೆ, ಒಂದೂಮುಕ್ಕಾಲು ಲಕ್ಷ ಕಟ್ಟಿ ಅಂದರು. ಅಪ್ಪ ಕೊಡಲು ತಯಾರಿದ್ದಾರೆ. ನನಗೇ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ನಟ್ಟು ಬೋಲ್ಟು · ಆಗಸ್ಟ್ 9

ಮೊದಲು ಏಜೆನ್ಸಿ ವಿಷಯ. ಒಂದು ರೂಪಾಯಿಯೂ ಕೊಡಬೇಡ. ಒಳ್ಳೆಯ ಬೇಸಿಗೆ ಕಾರ್ಯಕ್ರಮಗಳು ಹಣ ಕೇಳುವುದಿಲ್ಲ, ಅವರೇ ಖರ್ಚಿಗೆ ಕೊಡುತ್ತಾರೆ. ಹಣ ಕಟ್ಟಿದವರಿಗೆಲ್ಲ ಸರ್ಟಿಫಿಕೇಟ್ ಕೊಡುವ ಕಡೆ ಯಾರನ್ನೂ ಆರಿಸಿ ತೆಗೆದುಕೊಂಡಿರುವುದಿಲ್ಲ. ಆ ಸರ್ಟಿಫಿಕೇಟ್ ನೋಡಿ ಮುಂದೆ ಯಾವ ಪ್ರೊಫೆಸರೂ ನಂಬುವುದಿಲ್ಲ. ಅಪ್ಪನಿಗೆ ಈ ಚರ್ಚೆ ತೋರಿಸು.

ಪ್ರೇರಿ ಗಾಳಿ · ಆಗಸ್ಟ್ 10

ತಮ್ಮಾ, ಖಂಡಿತ ಹೋಗಬಹುದು. ನಾನು ದಾವಣಗೆರೆಯವನು, ಈಗ ಕೆನಡಾದ ವಿನಿಪೆಗ್‌ನಲ್ಲಿದ್ದೇನೆ. ಇಲ್ಲಿಗೆ ಮೊದಲು ಬಂದಿದ್ದು ಮಿಟಾಕ್ಸ್ ಅನ್ನುವ ಕೆನಡಾ ಸಂಸ್ಥೆಯ ಗ್ಲೋಬಲಿಂಕ್ ಕಾರ್ಯಕ್ರಮದ ಇಂಟರ್ನ್ ಆಗಿ.

ಗ್ಲೋಬಲಿಂಕ್ ಶುರುವಾದದ್ದೇ 2009ರಲ್ಲಿ, ಭಾರತದ ವಿದ್ಯಾರ್ಥಿಗಳನ್ನು ಕರೆಸಿಕೊಂಡು. 12 ವಾರದ ಕೆಲಸ. ಮೇಯಿಂದ ಅಕ್ಟೋಬರ್ ನಡುವೆ ಯಾವಾಗ ಬೇಕಾದರೂ ಹೊಂದಿಸಿಕೊಳ್ಳಬಹುದು. ವಿಮಾನದ ಖರ್ಚು, ಇರಲು-ಊಟಕ್ಕೆ ಹಣ, ಹೆಲ್ತ್ ಇನ್ಶೂರೆನ್ಸ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಆದರೆ ಅರ್ಜಿಯ ಬಾಗಿಲು ಸೆಪ್ಟೆಂಬರ್ ಹೊತ್ತಿಗೆ ಮುಚ್ಚುತ್ತದೆ. ಅಂದರೆ ಮುಂದಿನ ಬೇಸಿಗೆಗೆ ಈಗಲೇ, ಈ ಮಳೆಗಾಲದಲ್ಲೇ ಕೂರಬೇಕು. ಜನವರಿಯಲ್ಲಿ ಎದ್ದು ಹುಡುಕಲು ಹೊರಟರೆ ದೊಡ್ಡ ಕಾರ್ಯಕ್ರಮಗಳಲ್ಲಿ ಅರ್ಧಕ್ಕರ್ಧ ಮುಗಿದಿರುತ್ತವೆ. ಯಾವ ದೇಶದವರಿಗೆ ಅವಕಾಶ ಎಂಬ ಪಟ್ಟಿ ಪ್ರತಿ ವರ್ಷ ಹೊಸದಾಗಿ ಬರುತ್ತದೆ, ಇವತ್ತೇ ಅದನ್ನು ನೋಡು.

ಇಲ್ಲಿ ಪ್ರೊಫೆಸರ್‌ಗೆ ನೀನು ಮೇಲ್ ಹಾಕಬೇಕಿಲ್ಲ. ಕೆನಡಾ ತುಂಬಾ ಇರುವ ಪ್ರೊಫೆಸರ್‌ಗಳು ತಮ್ಮ ಪ್ರಾಜೆಕ್ಟ್‌ಗಳನ್ನು ಹಾಕಿರುತ್ತಾರೆ. ನೀನು ಕೆಲವನ್ನು ಆರಿಸಿ, ಪ್ರತಿಯೊಂದಕ್ಕೂ ಯಾಕೆ ಬೇಕು ಅಂತ ಬರೆಯಬೇಕು. ಹೆಚ್ಚಿನವರು ಸೋಲುವುದು ಈ ಜಾಗದಲ್ಲೇ. ಎಲ್ಲರೂ ಟೊರಾಂಟೊ, ವ್ಯಾಂಕೂವರ್, ಮಾಂಟ್ರಿಯಲ್ ಅಂತ ಊರಿನ ಹೆಸರು ನೋಡಿ ಟಿಕ್ ಮಾಡುತ್ತಾರೆ. ಮೆಷಿನ್ ಲರ್ನಿಂಗ್ ಅಂತ ಇರುವ ಪ್ರಾಜೆಕ್ಟ್‌ಗಳ ಮೇಲೆ ಮುಗಿಬೀಳುತ್ತಾರೆ. ನೀನು ಹಾಗೆ ಮಾಡಬೇಡ. ಹುಡುಕುವ ಜಾಗದಲ್ಲಿ ಡ್ರೈಯಿಂಗ್, ಗ್ರೇನ್ ಸ್ಟೋರೇಜ್, ಪೋಸ್ಟ್ ಹಾರ್ವೆಸ್ಟ್, ಪೋರಸ್ ಮೀಡಿಯಾ (ಸಣ್ಣ ರಂಧ್ರಗಳಿರುವ ವಸ್ತು), ಹೀಟ್ ಆಂಡ್ ಮಾಸ್ ಟ್ರಾನ್ಸ್‌ಫರ್ ಅಂತ ಹಾಕು. ಯುನಿವರ್ಸಿಟಿ ಹೆಸರನ್ನು ಕೊನೆಗೆ ನೋಡು.

ನಿನ್ನ ಸಮಸ್ಯೆ ಇಲ್ಲಿಯ ರೈತರದ್ದೂ ಹೌದು. ಪ್ರೇರಿ ಅನ್ನುವ ಇಲ್ಲಿಯ ಬಯಲು ಪ್ರಾಂತ್ಯಗಳಲ್ಲಿ ಗೋಧಿಯ ತೇವಾಂಶ 14.5% ಮೀರಿದರೆ ಅದನ್ನು ಒಣ ಧಾನ್ಯ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಇವರೂ ಡ್ರೈಯರ್ ಮುಂದೆ ರಾತ್ರಿಯೆಲ್ಲ ನಿಲ್ಲುತ್ತಾರೆ. ಮ್ಯಾನಿಟೋಬಾ ಯುನಿವರ್ಸಿಟಿಯ ಬಯೋಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಧಾನ್ಯ ಒಣಗಿಸುವುದು, ಕೂಡಿಡುವುದರ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಅರುಣ್ ಮುಜುಮ್‌ದಾರ್ ಅವರು 1978ರಲ್ಲಿ ಅಂತರರಾಷ್ಟ್ರೀಯ ಡ್ರೈಯಿಂಗ್ ಸಮ್ಮೇಳನ ಶುರು ಮಾಡಿದರು, ಅದು ಇಂದಿಗೂ ನಡೆಯುತ್ತಿದೆ. ಒಣಗಿಸುವುದು ಅಂದರೆ ಹಳ್ಳಿಯ ವಿಷಯ ಅಂತ ನೀನು ಸಂಕೋಚ ಪಡಬೇಡ. ಜಗತ್ತಿನ ಕಾರ್ಖಾನೆಗಳು ಬಳಸುವ ಶಕ್ತಿಯಲ್ಲಿ ದೊಡ್ಡ ಪಾಲು ಒಣಗಿಸುವುದಕ್ಕೇ ಹೋಗುತ್ತದೆ. ಕಾಗದ, ಔಷಧಿ, ಹಾಲಿನ ಪುಡಿ, ಎಲ್ಲದರಲ್ಲೂ ಇದೇ ವಿದ್ಯೆ.

ತೋಟದಮನೆ · ಆಗಸ್ಟ್ 10

ಅಣ್ಣಾ, ತುಂಬಾ ಥ್ಯಾಂಕ್ಸ್. ಇದನ್ನು ಒಂದು ವಿಷಯವಾಗಿ ಓದುವ ಜನ ಇದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಜರ್ಮನಿಯಲ್ಲೂ ಇದೆಯಾ? ಸ್ಕಾಲರ್‌ಶಿಪ್ ಕೊಡುವ ಡಾಡ್ (DAAD) ಅನ್ನುವ ಜರ್ಮನ್ ಸಂಸ್ಥೆ ಇದೆ ಅಂತ ಕೇಳಿದ್ದೇನೆ. ಸೀನಿಯರ್ ಒಬ್ಬರು ರೈಸ್‌ಗೆ ಹಾಕು ಅಂದರು, ಇನ್ನೊಬ್ಬರು ವೈಸ್ ಅಂದರು.

ಎಲ್ಬೆ ದಂಡೆ · ಆಗಸ್ಟ್ 11

ಎರಡೂ ಡಾಡ್‌ನ ಇಂಟರ್ನ್‌ಶಿಪ್ ಕಾರ್ಯಕ್ರಮಗಳೇ, ಆದರೆ ಬೇರೆ ಬೇರೆ. ರೈಸ್ ಜರ್ಮನಿ ಇರುವುದು ಉತ್ತರ ಅಮೆರಿಕ, ಬ್ರಿಟನ್, ಐರ್ಲೆಂಡ್‌ನ ಯುನಿವರ್ಸಿಟಿಗಳಲ್ಲಿ ಓದುವವರಿಗೆ. ಭಾರತದಲ್ಲಿ ಓದುವವರಿಗೆ ಅದು ಸಿಗುವುದಿಲ್ಲ. ನಮಗೆ ಇರುವುದು ವೈಸ್. ಅದರಲ್ಲೂ ಭಾರತದ ಆಯ್ದ ಸಂಸ್ಥೆಗಳ ಪಟ್ಟಿ ಇರುತ್ತದೆ. ಐಐಟಿ, ಎನ್‌ಐಟಿ, ಐಐಎಸ್‌ಸಿ ಥರದವು. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಮುಂದಿನ ಕೆಲಸ. ಇದ್ದರೆ, ಅರ್ಜಿ ಹಾಕುವ ಮೊದಲೇ ಜರ್ಮನ್ ಪ್ರೊಫೆಸರ್ ಕೈಯಿಂದ ಆಹ್ವಾನ ಪತ್ರ ಬಂದಿರಬೇಕು. ಕೊನೆಯ ದಿನ ನವೆಂಬರ್ ಆರಂಭದ ಹೊತ್ತಿಗೆ ಇರುತ್ತದೆ. ಹಾಗಾಗಿ ಮೇಲ್ ಕಳಿಸುವ ಕಾಲ ಆಗಸ್ಟ್, ಸೆಪ್ಟೆಂಬರ್.

ನಾನು ಮ್ಯಾಗ್ಡೆಬರ್ಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿಯ ಒಟ್ಟೊ ಫೋನ್ ಗೆರಿಕೆ ಯುನಿವರ್ಸಿಟಿ ಡ್ರೈಯಿಂಗ್ ಸಂಶೋಧನೆಗೆ ಹೆಸರುವಾಸಿ. ಸ್ಟುಟ್‌ಗಾರ್ಟ್‌ನಲ್ಲಿ ಹೋಹೆನ್‌ಹೈಮ್ ಯುನಿವರ್ಸಿಟಿ ಇದೆ. ಹಣ್ಣು, ಸಾಂಬಾರ ಪದಾರ್ಥ ಒಣಗಿಸುವ ಸೋಲಾರ್ ಟನಲ್ ಡ್ರೈಯರ್ ಅನ್ನು 1980ರ ದಶಕದಲ್ಲಿ ಅಲ್ಲೇ ರೂಪಿಸಿದರು. ಆಮೇಲೆ ಅದು ಎಷ್ಟೋ ಬಿಸಿಲಿನ ದೇಶಗಳಿಗೆ ಹೋಯಿತು. ನಿಮ್ಮ ನಾಲ್ಕು ತಟ್ಟೆಯ ಪೆಟ್ಟಿಗೆ ಆ ಮನೆತನದ್ದೇ. ಇಷ್ಟು ಹತ್ತಿರದ ಸಂಬಂಧ ಇಟ್ಟುಕೊಂಡು ರ‍್ಯಾಂಕಿಂಗ್ ಪಟ್ಟಿ ನೋಡುತ್ತಾ ಕೂರಬೇಡಿ.

ಕಾಲದ ಬಗ್ಗೆ ಒಂದು ಮಾತು. ಜರ್ಮನಿಯ ಬೇಸಿಗೆ ಸೆಮಿಸ್ಟರ್‌ನ ಪಾಠ ಜುಲೈ ಮಧ್ಯದವರೆಗೂ ನಡೆಯುತ್ತದೆ. ಮೇ, ಜೂನ್, ಜುಲೈನಲ್ಲಿ ಪ್ರೊಫೆಸರ್ ಮತ್ತು ಪಿಎಚ್‌ಡಿಯವರು ಊರಲ್ಲೇ ಇರುತ್ತಾರೆ. ಆಗಸ್ಟ್‌ನಲ್ಲಿ ಬಂದರೆ ಅರ್ಧ ಲ್ಯಾಬ್ ರಜೆಯಲ್ಲಿರುತ್ತದೆ. ಫ್ರಾನ್ಸ್‌ನಲ್ಲಂತೂ ಆಗಸ್ಟ್‌ನಲ್ಲಿ ಎಷ್ಟೋ ಲ್ಯಾಬ್‌ಗಳು ಬಾಗಿಲೇ ಹಾಕುತ್ತವೆ.

ದಿನದ ಕೆಲಸ ಹೇಳಿಕೊಡುವುದು ಪ್ರೊಫೆಸರ್ ಅಲ್ಲ, ಪಿಎಚ್‌ಡಿ ವಿದ್ಯಾರ್ಥಿ. ಹಾಗಾಗಿ ಗುಂಪಿನ ಪುಟದಲ್ಲಿ ಯಾರು ಯಾವ ರಿಗ್ (ಪ್ರಯೋಗದ ಯಂತ್ರ) ಮೇಲೆ ಕೆಲಸ ಮಾಡುತ್ತಿದ್ದಾರೆ ನೋಡಿ. ಪ್ರೊಫೆಸರ್‌ಗೆ ಬರೆಯುವಾಗ ಆ ಕೆಲಸದ ಹೆಸರು ಹೇಳಿ. ನನ್ನ ಪ್ರೊಫೆಸರ್ ಇಂತಹ ಮೇಲ್‌ಗಳನ್ನು ನಮಗೇ ಫಾರ್ವರ್ಡ್ ಮಾಡಿ, ಇವರಿಗೆ ಕೆಲಸ ಇದೆಯಾ ಅಂತ ಕೇಳುತ್ತಾರೆ. ನಾವು ಹೂಂ ಅಂದರೆ ಆಯಿತು.

ಗದಗಿನ ಹುಡುಗಿ · ಆಗಸ್ಟ್ 11

ಫ್ರಾನ್ಸ್‌ನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಭಾರತದ ವಿದ್ಯಾರ್ಥಿಗಳಿಗೆ ಅಂತಲೇ ಶಾರ್ಪಾಕ್ ಲ್ಯಾಬ್ ಸ್ಕಾಲರ್‌ಶಿಪ್ ಇದೆ. 1992ರ ಫಿಸಿಕ್ಸ್ ನೊಬೆಲ್ ಪಡೆದ ಜಾರ್ಜ್ ಶಾರ್ಪಾಕ್ ಹೆಸರಿನಲ್ಲಿ ಕೊಡುತ್ತಾರೆ. ಅಲ್ಲೂ ಮೊದಲು ಲ್ಯಾಬಿನ ಒಪ್ಪಿಗೆ ಬೇಕು. ಇನ್ನೊಂದು ಒಳ್ಳೆಯ ವಿಷಯ ಅಂದರೆ ಫ್ರಾನ್ಸ್‌ನ ಕಾನೂನು. ಇಂಟರ್ನ್‌ಶಿಪ್ 2 ತಿಂಗಳು ಮೀರಿದರೆ ಕನಿಷ್ಠ ಭತ್ಯೆ ಕೊಡಲೇಬೇಕು. ಅದಕ್ಕೆ ನಿಮ್ಮ ಕಾಲೇಜು, ಅಲ್ಲಿಯ ಸಂಸ್ಥೆ, ನೀವು, ಮೂವರೂ ಸಹಿ ಹಾಕಿದ ಒಪ್ಪಂದ ಬೇಕು. ನಮ್ಮ ಕಾಲೇಜು ಆಫೀಸಿನಲ್ಲಿ ಅಂತಹ ಕಾಗದ ಯಾರೂ ನೋಡಿರುವುದಿಲ್ಲ. ಕೈಯಲ್ಲಿ ಹಿಡಿದು ವಿವರಿಸಿ ಸಹಿ ಮಾಡಿಸಬೇಕು, ಟೈಮ್ ಇಟ್ಟುಕೊಳ್ಳಿ.

ಡೆಸ್ಟರ್ ಮೇಷ್ಟ್ರು · ಆಗಸ್ಟ್ 12

ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೇಷ್ಟ್ರ ಕಡೆಯ ಕೆಲವು ಮಾತು ಹೇಳಿಬಿಡುತ್ತೇನೆ.

ಶಿಫಾರಸು ಪತ್ರಕ್ಕೆ ಎಚ್‌ಒಡಿ ಅಥವಾ ಪ್ರಿನ್ಸಿಪಾಲರ ಹತ್ತಿರ ಓಡಬೇಡಿ. ಅವರಿಗೆ ನಿಮ್ಮ ಮುಖ ಗೊತ್ತಿಲ್ಲದಿದ್ದರೆ ಪತ್ರದಲ್ಲಿ 'ಶಿಸ್ತಿನ ವಿದ್ಯಾರ್ಥಿ' ಅನ್ನುವುದು ಬಿಟ್ಟು ಏನು ಬರೆದಾರು? ನಿಮ್ಮ ಮಿನಿ ಪ್ರಾಜೆಕ್ಟ್ ಗೈಡ್ ಚಿಕ್ಕ ವಯಸ್ಸಿನ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರೂ ಅವರೇ ಸರಿ. ನೀವು ಸೆನ್ಸರ್ ಹಿಡಿದು ಸಂಜೆ ಏಳರವರೆಗೆ ಕೂತದ್ದು ಅವರಿಗೆ ಗೊತ್ತು. ಕನಿಷ್ಠ ಮೂರು ವಾರ ಮುಂಚೆ ಕೇಳಿ. ಪ್ರಾಜೆಕ್ಟ್ ಬಗ್ಗೆ ಒಂದು ಪುಟ ಬರೆದುಕೊಂಡು ಹೋಗಿ. ಏನು ಮಾಡಿದಿರಿ, ಏನು ಕೆಟ್ಟಿತು, ಹೇಗೆ ಸರಿ ಮಾಡಿದಿರಿ. 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಅಂದರೆ ಒಪ್ಪಬೇಡಿ. ಈ ಪುಟ ಕೊಟ್ಟು, ಇದನ್ನು ನೋಡಿ ನೀವೇ ಬರೆಯಿರಿ ಸರ್ ಅಂತ ವಿನಯವಾಗಿ ಕೇಳಿ. ಬರೆಯುತ್ತಾರೆ. ಪತ್ರ ಅವರ ಕಾಲೇಜು ಮೇಲ್‌ನಿಂದಲೇ ಹೋಗಬೇಕು.

ಅಂಕದ ವಿಷಯ. ಸಿಜಿಪಿಎಯನ್ನು ನೀವೇ ಶೇಕಡಾವಾರಿಗೋ ಅಮೆರಿಕದ 4ರ ಲೆಕ್ಕಕ್ಕೋ ಬದಲಿಸಬೇಡಿ. ವಿಟಿಯು 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕಿತ್ತು. ಆ ಲೆಕ್ಕದಲ್ಲಿ 8.4 ಅಂದರೆ 76.5%. ಸುಮ್ನೆ 84 ಅಂತ ಹಾಕಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆ. ನಿಮ್ಮ ಸ್ಕೀಮಿನ ನಿಯಮ ಯಾವುದೋ ಅದೇ ಹಾಕಿ. ಫಾರ್ಮಿನಲ್ಲಿ 10ಕ್ಕೆ ಎಷ್ಟು ಅಂತ ಕೇಳಿದ್ದರೆ 8.4 ಅಂತಲೇ ಬಿಡಿ.

ಎಲ್ಲಕ್ಕಿಂತ ದೊಡ್ಡ ತೊಡಕು ಪರೀಕ್ಷೆ. ನಮ್ಮ 6ನೇ ಸೆಮ್ ಪರೀಕ್ಷೆ ಜೂನ್, ಜುಲೈಗೆ ಹೋಗುವುದು ಸಾಮಾನ್ಯ. ಅಲ್ಲಿಯ ಲ್ಯಾಬ್ ಮೇನಲ್ಲಿ ಶುರು. ಅಟೆಂಡೆನ್ಸ್ 85% ಬೇಕು. ಸ್ವಾಯತ್ತ ಕಾಲೇಜಾಗಿದ್ದರೆ ಪರೀಕ್ಷೆ ಅವರ ಕೈಯಲ್ಲೇ ಇರುತ್ತದೆ, ಮೊದಲೇ ಮಾತಾಡಿದರೆ ದಾರಿ ಸಿಗುತ್ತದೆ. ಇಲ್ಲದಿದ್ದರೆ ಪ್ರೊಫೆಸರ್‌ಗೆ ಮೊದಲ ಮೇಲ್‌ನಲ್ಲೇ ನಿಮ್ಮ ನಿಜವಾದ ತಾರೀಖು ಹೇಳಿಬಿಡಿ. ಗ್ಲೋಬಲಿಂಕ್ ಅಕ್ಟೋಬರ್‌ವರೆಗೂ ಅವಕಾಶ ಕೊಡುವುದು ನಮ್ಮಂಥವರಿಗೆ ದೊಡ್ಡ ಅನುಕೂಲ. ಆದರೆ ಆಗ 7ನೇ ಸೆಮ್ ಪಾಠ ಶುರುವಾಗಿರುತ್ತದೆ. ಆಯ್ಕೆಯಾದ ಮೇಲೆ ಎನ್‌ಒಸಿಗೆ, ಅಂದರೆ ಕಾಲೇಜಿನ ಅಭ್ಯಂತರವಿಲ್ಲ ಅನ್ನುವ ಪತ್ರಕ್ಕೆ, ಓಡಾಡುವುದಲ್ಲ. ಅರ್ಜಿ ಹಾಕುವಾಗಲೇ ಎಚ್‌ಒಡಿ ಹತ್ತಿರ ಬರಹದಲ್ಲಿ ಕೇಳಿಡಿ.

ಜಕ್ಕೂರು ಬಸ್ಸು · ಆಗಸ್ಟ್ 12

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ವಿದೇಶಕ್ಕೇ ಹೋಗಬೇಕಾ? ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಅಕಾಡೆಮಿ ಇದೆ. ಮೂರು ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಫೆಲೋಶಿಪ್ ಕೊಡುತ್ತವೆ, 2 ತಿಂಗಳು. ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನಲ್ಲಿ ಬೇರೆ ಇದೆ. ಎಂಜಿನಿಯರಿಂಗ್‌ನವರೂ ಹಾಕಬಹುದು. ನಾನು ಅಲ್ಲೇ ಮಾಡಿದ್ದು. ಲಾಗ್‌ಬುಕ್ ಬರೆಯುವುದು, ಗ್ರಾಫಿನಲ್ಲಿ ಎರರ್ ಬಾರ್ ಹಾಕುವುದು, ಒಂದು ಪೇಪರನ್ನು ಮೂರು ಸಲ ಓದುವುದು, ಎಲ್ಲ ಅಲ್ಲಿ ಕಲಿತೆ. ವೀಸಾ ಇಲ್ಲ, ಸಾಲ ಇಲ್ಲ. ನಮ್ಮ ಹುಡುಗರು ಪ್ಯಾರಿಸ್ ಟವರ್ ಮುಂದೆ ಫೋಟೋ ಹಾಕಲು ಜಾಸ್ತಿ ಆಸೆ ಪಡುತ್ತಾರೆ ಅನ್ನುವ ಬೇಸರ ನನಗಿದೆ.

ಪ್ರೇರಿ ಗಾಳಿ · ಆಗಸ್ಟ್ 12

ಬೇಸರ ಅರ್ಥವಾಗುತ್ತದೆ. ಎರಡಕ್ಕೂ ಅರ್ಜಿ ಹಾಕಲಿ ಅನ್ನುತ್ತೇನೆ, ಅದರಲ್ಲಿ ನಷ್ಟ ಏನಿದೆ? 2ನೇ ವರ್ಷದಲ್ಲಿರುವವರು ಈ ಚರ್ಚೆ ಓದುತ್ತಿದ್ದರೆ ನಿಮ್ಮ ಮಾತೇ ಸರಿ. ಮೊದಲ ಬೇಸಿಗೆ ಇಲ್ಲಿ, ಮುಂದಿನದು ಅಲ್ಲಿ.

ಆದರೆ ಹೊರಗೆ ಹೋಗುವುದರಿಂದ ಸಿಗುವ ಒಂದು ವಿಷಯ ಇದೆ. ನನ್ನ ಕಾಲೇಜಿನಲ್ಲಿ ಒಂದು ಮಷೀನ್ ಮುಟ್ಟಬೇಕಾದರೆ ಇನ್‌ಸ್ಟ್ರಕ್ಟರ್ ಬೀಗ ತೆಗೆಯಬೇಕಿತ್ತು. ಇಲ್ಲಿ ಮೊದಲ ವಾರ ಸೇಫ್ಟಿ ಟ್ರೇನಿಂಗ್ ಮುಗಿಸಿದ ಮೇಲೆ ಕೀ ಕಾರ್ಡ್ ಕೊಟ್ಟರು. ಧಾನ್ಯದ ಬಿನ್ನು, ಫ್ಯಾನು, ಥರ್ಮೋಕಪಲ್ ಎಲ್ಲ ನನ್ನ ಸುಪರ್ದಿಗೆ. ಏನಾದರೂ ಅರ್ಥವಾಗದಿದ್ದರೆ ಪ್ರೊಫೆಸರ್ ಹತ್ತಿರ ಹೋಗಿ 'ಇದು ತಪ್ಪು ಅನ್ನಿಸುತ್ತಿದೆ' ಅಂದರೆ ಅವರು ಕುರ್ಚಿ ಎಳೆದು ಕೂರಿಸಿಕೊಂಡು ಕೇಳುತ್ತಿದ್ದರು. ಇಪ್ಪತ್ತು ವರ್ಷದ ಹುಡುಗನ ಮಾತಿಗೆ ಆ ಬೆಲೆ ಸಿಕ್ಕರೆ ಅವನು ಬದಲಾಗುತ್ತಾನೆ. ನಮ್ಮ ಕಾಲೇಜುಗಳಲ್ಲೂ ಅದು ಸಿಗಬೇಕು, ಅದು ನನ್ನ ದೊಡ್ಡ ಆಸೆ. ಸಿಗುವವರೆಗೆ, ಸಿಗುವ ಕಡೆ ಹೋಗಿ ನೋಡಿ ಬರಲಿ.

ತೋಟದಮನೆ · ಆಗಸ್ಟ್ 14

ಗೈಡ್ ಮೇಡಂ ಹತ್ತಿರ ಮಾತಾಡಿದೆ. ಪತ್ರ ಬರೆಯುತ್ತೇನೆ ಅಂದರು. ಡಾಡ್ ವೈಸ್ ಪಟ್ಟಿಯಲ್ಲಿ ನಮ್ಮ ಕಾಲೇಜು ಇಲ್ಲ. ಆದರೂ ಜರ್ಮನಿಯ ಪ್ರೊಫೆಸರ್‌ಗೆ ನೇರವಾಗಿ ಬರೆಯಬಹುದಾ? ಒಂದು ಮೇಲ್ ಬರೆದಿದ್ದೇನೆ. ಇಂಗ್ಲಿಷಿನಲ್ಲಿದೆ, ಸಾರಾಂಶ ಇಲ್ಲಿ ಕನ್ನಡದಲ್ಲಿ ಹಾಕುತ್ತೇನೆ.

"ಗೌರವಾನ್ವಿತ ಪ್ರೊಫೆಸರ್ ಅವರಿಗೆ, ತಮ್ಮ ಅಮೂಲ್ಯ ಸಂಶೋಧನೆಯಿಂದ ನಾನು ಬಹಳ ಪ್ರಭಾವಿತನಾಗಿದ್ದೇನೆ. ನಾನು ಕಷ್ಟಪಟ್ಟು ಕೆಲಸ ಮಾಡುವವನು, ಬೇಗ ಕಲಿಯುವವನು. ನನಗೆ ಥರ್ಮಲ್, ಸಿಎಫ್‌ಡಿ, ರೋಬೋಟಿಕ್ಸ್, ಮೆಷಿನ್ ಲರ್ನಿಂಗ್‌ನಲ್ಲಿ ಆಸಕ್ತಿ ಇದೆ. ಯಾವ ವಿಷಯ ಕೊಟ್ಟರೂ ಮಾಡಲು ಸಿದ್ಧ. ದಯವಿಟ್ಟು ಅವಕಾಶ ಕೊಡಿ."

ಎಲ್ಬೆ ದಂಡೆ · ಆಗಸ್ಟ್ 14

ನೇರವಾಗಿ ಬರೆಯಬಹುದು. ಲ್ಯಾಬಿನಲ್ಲಿ ಹಣ ಇದ್ದರೆ ಸ್ವಲ್ಪ ಕೊಡುತ್ತಾರೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಕೈಯಿಂದ ಹಾಕುವುದಾದರೆ ಲೆಕ್ಕ ಇದು. ಸ್ಟೂಡೆಂಟ್ ವೀಸಾಕ್ಕೆ ಜರ್ಮನಿ ಕೇಳುವ ಮೊತ್ತ 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೋ. ಒಬ್ಬರ ಸಾಧಾರಣ ಖರ್ಚು ಎಷ್ಟು ಅನ್ನುವುದಕ್ಕೆ ಅದೇ ಅಂದಾಜು. ಮೇಲೆ ವಿಮಾನದ ಖರ್ಚು. ಇದಕ್ಕೆ ತೋಟದ ಮೇಲೆ ಸಾಲ ಮಾಡಿ ಅಂತ ನಾನು ಹೇಳಲಾರೆ. ಹಣ ಕೊಡುವ ಕಾರ್ಯಕ್ರಮಗಳನ್ನೇ ಮೊದಲು ಮುಗಿಸಿ.

ಈಗ ಮೇಲ್. ಇದರಲ್ಲಿ ಡ್ರೈಯರ್ ಎಲ್ಲಿ ಹೋಯಿತು? ನಿಮ್ಮ ಹತ್ತಿರ ಇರುವ ಒಂದೇ ಒಂದು ಸ್ವಂತ ವಿಷಯವನ್ನೇ ಬಿಟ್ಟಿದ್ದೀರಿ. ಹೊಗಳಿಕೆ, ಗುಣಗಾನ ಎಲ್ಲ ತೆಗೆಯಿರಿ. ಪ್ರೊಫೆಸರ್‌ಗೆ ಇಂತಹ ಮೇಲ್ ವಾರವಾರ ರಾಶಿ ಬರುತ್ತದೆ. ಹೀಗೆ ಬರೆಯಿರಿ:

"ನಾನು ಕರ್ನಾಟಕದಲ್ಲಿ ಮೆಕ್ಯಾನಿಕಲ್ 3ನೇ ವರ್ಷ ಓದುತ್ತಿದ್ದೇನೆ. ಅಡಿಕೆ ಒಣಗಿಸಲು ನಾಲ್ಕು ತಟ್ಟೆಯ ಸೋಲಾರ್ ಡ್ರೈಯರ್ ಕಟ್ಟಿದ್ದೇವೆ. ಕೆಳಗಿನ ತಟ್ಟೆ ಒಣಗಿದ ಮೇಲೂ ಮೇಲಿನದು ಹಸಿಯಾಗಿರುತ್ತದೆ. ಗಾಳಿ ಮೇಲೇರುತ್ತಾ ತೇವ ಹೀರಿಕೊಂಡು ತಣ್ಣಗಾಗುವುದು ಮುಖ್ಯ ಕಾರಣ ಎಂದು ನಮ್ಮ ಅಳತೆಗಳಿಂದ ಅನ್ನಿಸುತ್ತದೆ. ಗ್ರಾಫ್ ಜೊತೆಗಿಟ್ಟಿದ್ದೇನೆ. ನಿಮ್ಮ ಗುಂಪಿನ ಇಂತಹ ಪೇಪರಿನಲ್ಲಿ ಗಾಳಿಯ ದಿಕ್ಕನ್ನು ಆಗಾಗ ತಿರುಗಿಸುವ ಪ್ರಯೋಗ ಓದಿದೆ. ಕಾಳಿನ ಗಾತ್ರ ದೊಡ್ಡದಾದಾಗಲೂ ಅದು ಅಷ್ಟೇ ಕೆಲಸ ಮಾಡುತ್ತದೆಯೇ? ಜೂನ್ ಕೊನೆಯಿಂದ 10 ವಾರ ನಿಮ್ಮಲ್ಲಿ ಇದರ ಮೇಲೆ ಕೆಲಸ ಮಾಡುವ ಅವಕಾಶ ಇದೆಯೇ?"

ಇಷ್ಟೇ. ಒಂದು ಪುಟದ ರೆಸ್ಯೂಮೆ, ಗ್ರೇಡ್ ಕಾರ್ಡು, ಒಂದು ಗ್ರಾಫು. ಪೇಪರಿನ ಹೆಸರು ಹಾಕುವ ಮೊದಲು ಆ ಪೇಪರನ್ನು ನಿಜವಾಗಿ ಓದಿ, ಯಾಕೆಂದರೆ ಅವರು ಅದರ ಮೇಲೆಯೇ ವಾಪಸ್ ಪ್ರಶ್ನೆ ಕೇಳುತ್ತಾರೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಡಿ. ಒಂದೇ ವಿಭಾಗದ ನಾಲ್ಕು ಜನರಿಗೆ ಒಟ್ಟಿಗೆ ಕಳಿಸಬೇಡಿ. ಅವರು ಊಟಕ್ಕೆ ಒಟ್ಟಿಗೆ ಕೂರುವವರು.

ವಿವಿ ಪುರಂ ಅಮ್ಮ · ಆಗಸ್ಟ್ 16

ನಮಸ್ಕಾರ. ನನ್ನ ಮಗಳು ಎಲೆಕ್ಟ್ರಾನಿಕ್ಸ್ 3ನೇ ವರ್ಷ. ಅವಳೂ ಕೆನಡಾಗೆ ಅರ್ಜಿ ಹಾಕುತ್ತೇನೆ ಅನ್ನುತ್ತಿದ್ದಾಳೆ. ನಮ್ಮ ಮನೆಯಿಂದ ಇಲ್ಲಿಯವರೆಗೆ ಯಾರೂ ಹೊರದೇಶಕ್ಕೆ ಹೋಗಿಲ್ಲ. ಮೂರು ತಿಂಗಳು ಒಬ್ಬಳೇ ಇರಬೇಕು. ಮನೆ ಹೇಗೆ, ಊಟ ಹೇಗೆ, ವೀಸಾ ಹೇಗೆ? ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ. ಹೋಗಿ ಬಂದ ಹೆಣ್ಣುಮಕ್ಕಳು ಯಾರಾದರೂ ಹೇಳಿ.

ಗದಗಿನ ಹುಡುಗಿ · ಆಗಸ್ಟ್ 16

ಆಂಟಿ, ನಾನು ಹೋಗಿದ್ದು ಎಡ್ಮಂಟನ್‌ಗೆ, ಆಲ್ಬರ್ಟಾ ಯುನಿವರ್ಸಿಟಿಗೆ. ಒಬ್ಬಳೇ. ನಿಮ್ಮ ಭಯ ನನ್ನ ಅಮ್ಮನಿಗೂ ಇತ್ತು.

ಮನೆಯ ವಿಷಯ: ಮೇಯಿಂದ ಆಗಸ್ಟ್‌ವರೆಗೆ ಅಲ್ಲಿಯ ವಿದ್ಯಾರ್ಥಿಗಳು ತಮ್ಮೂರಿಗೆ ಹೋಗುತ್ತಾರೆ. ಅವರ ರೂಮುಗಳು ಆ ತಿಂಗಳಿಗೆ ಮಾತ್ರ ಬಾಡಿಗೆಗೆ ಸಿಗುತ್ತವೆ. ಯುನಿವರ್ಸಿಟಿಯ ಹಾಸ್ಟೆಲ್ ಕೂಡ ಬೇಸಿಗೆಯಲ್ಲಿ ಖಾಲಿ ಇರುತ್ತದೆ, ಹೊರಗಿನವರಿಗೆ ಕೊಡುತ್ತಾರೆ. ಮೊದಲ ಸಲ ಹೋಗುವವರಿಗೆ ಹಾಸ್ಟೆಲ್ಲೇ ಒಳ್ಳೆಯದು, ಸ್ವಲ್ಪ ದುಬಾರಿಯಾದರೂ. ಮನೆ ನೋಡದೆ, ವಿಡಿಯೋ ಕಾಲ್ ಇಲ್ಲದೆ ಯಾರಿಗೂ ಅಡ್ವಾನ್ಸ್ ಕಳಿಸಬಾರದು. ಲ್ಯಾಬಿನಲ್ಲಿರುವ ಯಾರಿಗಾದರೂ 'ಈ ಬೀದಿ ಹೇಗೆ' ಅಂತ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ. ಲ್ಯಾಬ್ ಮುಗಿಸಿ ಬರುವಾಗ ಇನ್ನೂ ಬಿಸಿಲಿರುತ್ತಿತ್ತು, ಅದು ಅಮ್ಮನಿಗೆ ಎಷ್ಟು ಸಮಾಧಾನ ಕೊಟ್ಟಿತು ಗೊತ್ತಾ. ಊಟಕ್ಕೆ ಚಿಂತೆ ಬೇಡ. ಅಕ್ಕಿ, ಬೇಳೆ, ಸಾಸಿವೆ, ಕರಿಬೇವು ಎಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯಿಂದ ಕಟ್ಟಿಕೊಡಿ. ಕುಕ್ಕರ್ ಇಡಲು ಈಗಲೇ ಕಲಿಸಿ.

ವೀಸಾ: ಸರ್ಕಾರಿ ಹಣದಲ್ಲಿ ನಡೆಯುವ ಕೆನಡಾ ಯುನಿವರ್ಸಿಟಿಯಲ್ಲಿ 120 ದಿನದೊಳಗಿನ ಸಂಶೋಧನೆಗೆ ವರ್ಕ್ ಪರ್ಮಿಟ್ ಬೇಕಿಲ್ಲ ಅನ್ನುವ ವಿನಾಯಿತಿ 2017ರಿಂದ ಇದೆ. 12 ವಾರ ಅಂದರೆ 84 ದಿನ, ಆ ಮಿತಿಯೊಳಗೇ ಬರುತ್ತದೆ. ಆದರೂ ವೀಸಾ ಬೇಕೇ ಬೇಕು. ಶುಲ್ಕ 100 ಡಾಲರ್, ಬೆರಳಚ್ಚಿಗೆ 85 ಡಾಲರ್, ಕೆನಡಾ ಲೆಕ್ಕದಲ್ಲಿ. ಬೆರಳಚ್ಚು ಬೆಂಗಳೂರಿನಲ್ಲೇ ಕೊಡಬಹುದು. ಯಾವ ದಾರಿಯಲ್ಲಿ ಹಾಕಬೇಕು ಅಂತ ಕರೆದವರೇ ಪತ್ರದಲ್ಲಿ ಬರೆದು ಕಳಿಸುತ್ತಾರೆ, ಅದರಂತೆಯೇ ಹಾಕಿ. ಪತ್ರ ಬಂದ ವಾರವೇ ಹಾಕಬೇಕು, ತಡ ಮಾಡಿದರೆ ವಿಮಾನದ ದಿನ ಬಂದರೂ ಪಾಸ್‌ಪೋರ್ಟ್ ಬಂದಿರುವುದಿಲ್ಲ. ಮಗಳ ಪಾಸ್‌ಪೋರ್ಟ್ ಇಲ್ಲದಿದ್ದರೆ ಇದೇ ತಿಂಗಳು ಮಾಡಿಸಿ.

ಕಳಿಸಿ ಆಂಟಿ. ಏನೇ ಕೇಳಬೇಕಿದ್ದರೂ ನನಗೆ ಮೆಸೇಜ್ ಮಾಡಿ.

ನಟ್ಟು ಬೋಲ್ಟು · ಆಗಸ್ಟ್ 17

ಅಮೆರಿಕದ ಬಗ್ಗೆ ಯಾರೂ ಹೇಳಲಿಲ್ಲ. ಆರ್‌ಇಯು ಅಂತ ನೂರಾರು ಬೇಸಿಗೆ ಕಾರ್ಯಕ್ರಮ ಇದೆಯಲ್ಲ?

ಎಲ್ಬೆ ದಂಡೆ · ಆಗಸ್ಟ್ 17

ಎನ್‌ಎಸ್‌ಎಫ್ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ) ಹಣ ಕೊಡುವ ಆರ್‌ಇಯು ಅಮೆರಿಕದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ನಾಸಾದ್ದೂ ಹಾಗೇ. ಅದಕ್ಕೆ ಅರ್ಜಿ ತುಂಬುತ್ತಾ ಕೂತರೆ ಟೈಮ್ ಹಾಳು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಯುನಿವರ್ಸಿಟಿಯ ಬೇಸಿಗೆ ಕಾರ್ಯಕ್ರಮ ಸರ್ಫ್ 1979ರಿಂದ ನಡೆಯುತ್ತಿದೆ, 10 ವಾರ, ಹೊರಗಿನವರೂ ಹಾಕಬಹುದು. ಆದರೆ ಮೊದಲು ಅಲ್ಲಿಯ ಒಬ್ಬ ಪ್ರೊಫೆಸರ್ ಒಪ್ಪಬೇಕು, ಅವರ ಜೊತೆ ಸೇರಿ ಪ್ರಸ್ತಾವನೆ ಬರೆಯಬೇಕು. ಮೇಲೆ ಜೆ-1 ಅನ್ನುವ ವಿನಿಮಯ ವೀಸಾ, ಅದಕ್ಕೆ ಕರೆದವರು ಕಳಿಸುವ ಡಿಎಸ್-2019 ಕಾಗದ, ಸಂದರ್ಶನ. ಏಷ್ಯಾದಲ್ಲೇ ನೋಡುವುದಾದರೆ ಸಿಂಗಪುರದ ಎ-ಸ್ಟಾರ್ ಸಂಶೋಧನಾ ಸಂಸ್ಥೆಯ ಸಿಪ್ಗಾ ಕಾರ್ಯಕ್ರಮ, ಸೌದಿಯ ಕಾವುಸ್ಟ್ ಯುನಿವರ್ಸಿಟಿಯ ವಿಸಿಟಿಂಗ್ ಸ್ಟೂಡೆಂಟ್ ಕಾರ್ಯಕ್ರಮ ಇವೆ, ಎರಡೂ ಹಣ ಕೊಡುತ್ತವೆ.

ತೋಟದಮನೆ · ಆಗಸ್ಟ್ 20

ಗ್ಲೋಬಲಿಂಕ್‌ನಲ್ಲಿ ಪ್ರಾಜೆಕ್ಟ್ ಆರಿಸಿದೆ. ಎರಡು ಧಾನ್ಯ ಒಣಗಿಸುವುದು, ಒಂದು ಮರ ಒಣಗಿಸುವುದು, ಒಂದು ಪೋರಸ್ ಮೀಡಿಯಾ. ಏಜೆನ್ಸಿಗೆ ಬೇಡ ಅಂತ ಅಪ್ಪನೇ ಫೋನ್ ಮಾಡಿ ಹೇಳಿದರು. ಫ್ರಾನ್ಸ್ ಮತ್ತು ಅಕಾಡೆಮಿ ಫೆಲೋಶಿಪ್‌ಗೆ ಚಳಿಗಾಲದಲ್ಲಿ ಹಾಕುತ್ತೇನೆ. ಅಷ್ಟರಲ್ಲಿ ನಮ್ಮಲ್ಲಿ ಕೊಯ್ಲು ಶುರುವಾಗಿರುತ್ತದೆ, ಡ್ರೈಯರ್ ಮತ್ತೆ ಓಡಿಸಬಹುದು. ಕಳೆದ ಸಲದ ಅಳತೆ ಅಷ್ಟು ಅಚ್ಚುಕಟ್ಟಾಗಿಲ್ಲ ಅಂತ ಮೇಡಂ ಅಂದರು. ಈ ಸಲ ಹೇಗೆ ತೆಗೆದರೆ ಲ್ಯಾಬಿನವರು ನಂಬುತ್ತಾರೆ?

ಪ್ರೇರಿ ಗಾಳಿ · ಆಗಸ್ಟ್ 21

ಸೆನ್ಸರ್‌ಗಿಂತ ತೂಕವನ್ನು ನಂಬು. ಪ್ರತಿ ತಟ್ಟೆಯಲ್ಲೂ ಒಂದಿಷ್ಟು ಅಡಿಕೆಯನ್ನು ಸಣ್ಣ ಬಲೆ ಚೀಲದಲ್ಲಿ ಹಾಕಿ ಗುರುತು ಮಾಡು. ಅದೇ ಚೀಲವನ್ನು ಎರಡೆರಡು ಗಂಟೆಗೆ ತೂಗು, ರಾತ್ರಿಯದ್ದೂ ಸೇರಿಸಿ. ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಸಾಕು. ಕೊನೆಗೆ ಆ ಚೀಲದ ಅಡಿಕೆ ತುಂಡು ಮಾಡಿ ಕಾಲೇಜಿನ ಓವನ್‌ನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಒಣ ತೂಕ ತೆಗೆ. ಆಮೇಲೆ ಇನ್ನೊಮ್ಮೆ ಇಟ್ಟು ತೂಕ ಇಳಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊ. ಆಗ ಪ್ರತಿ ಸಲ ತೂಗಿದ ಹೊತ್ತಿನ ತೇವಾಂಶ ಲೆಕ್ಕ ಸಿಗುತ್ತದೆ. ಹಸಿ ತೂಕದ ಮೇಲೆ ಲೆಕ್ಕ ಹಾಕಿದ್ದಾ, ಒಣ ತೂಕದ ಮೇಲಾ ಅಂತ ಗ್ರಾಫಿನಲ್ಲೇ ಬರೆ. ಮೊದಲ ಪ್ರಶ್ನೆ ಅದೇ ಬರುತ್ತದೆ.

ತೇವಾಂಶದ ಸೆನ್ಸರ್ ಪರೀಕ್ಷೆ ಮಾಡಲು ಅಡುಗೆ ಉಪ್ಪು ಸಾಕು. ಒಂದು ಡಬ್ಬಿಯಲ್ಲಿ ಉಪ್ಪಿಗೆ ಸ್ವಲ್ಪ ನೀರು ಹಾಕಿ ಗಟ್ಟಿ ರಾಡಿ ಮಾಡು. ಸೆನ್ಸರ್ ಅದಕ್ಕೆ ತಾಗದ ಹಾಗೆ ಮೇಲೆ ತೂಗುಹಾಕಿ ಮುಚ್ಚಳ ಬಿಗಿ ಮಾಡಿ ಒಂದು ರಾತ್ರಿ ಬಿಡು. ಸುಮಾರು 75% ತೋರಿಸಬೇಕು. ಎಷ್ಟು ವ್ಯತ್ಯಾಸ ಬರುತ್ತದೋ ಬರೆದಿಡು. ಸೆನ್ಸರ್ ಮೇಲೆ ನೇರ ಬಿಸಿಲು ಬೀಳದ ಹಾಗೆ ನೋಡಿಕೊ.

ಮೋಡದ ದಿನದ ಅಳತೆಯನ್ನು ಬಿಸಾಡಬೇಡ. ನಿಮ್ಮ ಡ್ರೈಯರ್‌ನ ನಿಜವಾದ ಪರೀಕ್ಷೆ ಅವತ್ತೇ. ಜೊತೆಗೆ ಅಂಗಳದಲ್ಲಿ ಹರವಿದ ಅಡಿಕೆಯಲ್ಲೂ ಒಂದು ಚೀಲ ಇಡು, ಹೋಲಿಸಲು. ಡೇಟಾ ಬಂದ ಮೇಲೆ ಇಲ್ಲಿ ಹಾಕು, ಒಟ್ಟಿಗೆ ಕೂತು ಗ್ರಾಫ್ ಮಾಡೋಣ.